ಸರ್ಪದಾರಿಯಲ್ಲಿ ಖಾಲುಬಾರ್ ಪಾಠ

ಯುದ್ಧವೀರರ ಬಗ್ಗೆ ತರಗತಿಯಲ್ಲಿ ಹೇಳಿದರೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆ ವೀರ ನಿಜವಾಗಿ ಏನು ಮಾಡಿದರು ಎಂದು ಕೇಳಿದರೆ ಉತ್ತರವಿರುವುದಿಲ್ಲ. ಅದಕ್ಕಾಗಿ, 1999ರ ಕಾರ್ಗಿಲ್ ಯುದ್ಧದಲ್ಲಿ ಖಾಲುಬಾರ್ ಎಂಬ ಬೆಟ್ಟದ ಮೇಲೆ ಹೋರಾಡಿದ ಲೆಫ್ಟಿನೆಂಟ್ ಮನೋಜ್ ಕುಮಾರ್ ಪಾಂಡೆಯವರ ಪಾಠವನ್ನು ನಾನು ಮುಳ್ಳಯ್ಯನಗಿರಿಗೆ ಹತ್ತುವ ಸರ್ಪದಾರಿ ಎಂಬ ಕಾಲುಹಾದಿಯಲ್ಲಿ ಮಾಡುತ್ತೇನೆ. ಚಿಕ್ಕಮಗಳೂರಿನ ಶಾಲೆಯೊಂದರಲ್ಲಿ ಎನ್‌ಸಿಸಿ ನೋಡಿಕೊಳ್ಳುವವನು ನಾನು. ಮಳೆಗಾಲ ಕಳೆದ ಮೇಲೆ, ಅರಣ್ಯ ಇಲಾಖೆಯ ಅನುಮತಿ ಪಡೆದು ಕೆಡೆಟ್‌ಗಳನ್ನು ಕರೆದೊಯ್ಯುತ್ತೇನೆ.

ಒಬ್ಬ ಕೆಡೆಟ್ ಶತ್ರುವಿನ ಪಾತ್ರದಲ್ಲಿ ಸೀಟಿ ಹಿಡಿದು ಮೇಲಿನ ತಿರುವಿನಲ್ಲಿ ನಿಲ್ಲುತ್ತಾನೆ; ಕಣ್ಣಿಗೆ ಬಿದ್ದವರಿಗೆ ಸೀಟಿ ಊದುತ್ತಾನೆ. ಉಳಿದವರು ಬೆನ್ನಿಗೆ ಭಾರದ ಚೀಲ ಹೊತ್ತು ಕೆಳಗಿನಿಂದ ಹತ್ತಬೇಕು. ಮಂಜು ಕವಿದಿರುವವರೆಗೆ ಯಾರೂ ಕಾಣುವುದಿಲ್ಲ. ಮಂಜು ಸರಿದ ಕೂಡಲೇ ಸೀಟಿಯ ಮೇಲೆ ಸೀಟಿ! ಅಡಗಲು ಮರವಿಲ್ಲ, ಬಂಡೆಯಿಲ್ಲ, ಬರೀ ಹುಲ್ಲಿನ ಇಳಿಜಾರು. ಖಾಲುಬಾರ್‌ನಲ್ಲಿ ಬೆಳಕು ಹರಿಯುವ ಮೊದಲು ಎತ್ತರದ ಶತ್ರುನೆಲೆಗಳನ್ನು ತೆಗೆಯದಿದ್ದರೆ ಇಡೀ ಬೆಟಾಲಿಯನ್‌ಗೆ ಏನಾಗುತ್ತಿತ್ತು ಎಂಬುದು ಆಗ ಅವರಿಗೆ ನಾನು ಹೇಳದೆಯೇ ಹೊಳೆಯುತ್ತದೆ.

ನಾವು ನಿಲ್ಲುವ ಶಿಖರದ ಎತ್ತರ 1930 ಮೀಟರ್. ಲಡಾಖ್‌ನ ಬಟಾಲಿಕ್ ವಲಯದ ಖಾಲುಬಾರ್ ಇರುವುದು 5000 ಮೀಟರ್ ಆಸುಪಾಸಿನಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧದಷ್ಟು ಮಾತ್ರ. ಏದುಸಿರು ಬಿಡುತ್ತಿರುವ ಮಕ್ಕಳಿಗೆ ಇದನ್ನು ಹೇಳುವುದಕ್ಕೂ ಕಪ್ಪುಹಲಗೆಯ ಮೇಲೆ ಬರೆಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಸಮತಟ್ಟಾದ ಜಾಗ ಸಿಕ್ಕಲ್ಲಿ ಕುಳಿತು, ಸೈನ್ಯದಲ್ಲಿ ಮಾಡುವಂತೆ ಮಣ್ಣಿನಲ್ಲೇ ಬೆಟ್ಟದ ಮಾದರಿ ಕಟ್ಟುತ್ತೇವೆ. ಬಂಕರ್‌ಗಳಿಗೆ ನಾಲ್ಕು ಕಲ್ಲು. 1999ರ ಜುಲೈ 2ರ ರಾತ್ರಿ ದಾಟಿ 3ನೆಯ ತಾರೀಕು ಕಾಲಿಡುತ್ತಿದ್ದ ಹೊತ್ತು. 11 ಗೂರ್ಖಾ ರೈಫಲ್ಸ್‌ನ 1ನೇ ಬೆಟಾಲಿಯನ್ ಮುನ್ನುಗ್ಗುವಾಗ ಸುತ್ತಲಿನ ಎತ್ತರಗಳಿಂದ ಗುಂಡಿನ ಮಳೆ. ಪಾಂಡೆ ತಮ್ಮ ತುಕಡಿಯಾದ ಪ್ಲಟೂನನ್ನು ಅನುಕೂಲದ ಜಾಗಕ್ಕೆ ಸರಿಸಿದರು, ಅದರ ಒಂದು ಸಣ್ಣ ಗುಂಪಾದ ಸೆಕ್ಷನ್ನನ್ನು ಬಲಕ್ಕೆ ಕಳುಹಿಸಿದರು, ಎಡಗಡೆಯ ದಾಳಿಯನ್ನು ತಾವೇ ವಹಿಸಿಕೊಂಡರು. ಮೊದಲ ನೆಲೆಯಲ್ಲಿ ಇಬ್ಬರು ಶತ್ರುಗಳು ಸತ್ತರು, ಎರಡನೆಯದರಲ್ಲಿ ಮತ್ತಿಬ್ಬರು. ಮೂರನೆಯದನ್ನು ತೆರವುಗೊಳಿಸುವಾಗ ಅವರ ಭುಜಕ್ಕೂ ಕಾಲುಗಳಿಗೂ ಗುಂಡು ಬಿತ್ತು.

ಮೂರನೆಯ ಕಲ್ಲಿನ ಬಳಿ ನಾನು ಬೇಕೆಂದೇ ನಿಲ್ಲಿಸುತ್ತೇನೆ. ಒಮ್ಮೆ ಒಬ್ಬ ಹುಡುಗಿ ಕೇಳಿದಳು: "ಸರ್, ಅಷ್ಟು ಗಾಯವಾದ ಮೇಲೆ ಬೇರೆಯವರಿಗೆ ವಹಿಸಿ ಹಿಂದೆ ಸರಿಯಬಹುದಿತ್ತಲ್ಲವೇ?" ಬಹಳ ಒಳ್ಳೆಯ ಪ್ರಶ್ನೆ. ಸರಿಯಬಹುದಿತ್ತು, ಯಾರೂ ದೂಷಿಸುತ್ತಿರಲಿಲ್ಲ. ಆದರೆ ಪ್ಲಟೂನ್ ಆಗಲೇ ಎರಡಾಗಿ ಒಡೆದಿತ್ತು, ಎಡಗಡೆಯವರು ಅವರ ಬೆನ್ನ ಹಿಂದೆಯೇ ಹತ್ತುತ್ತಿದ್ದರು, ಕತ್ತಲು ಕರಗುವ ಮುನ್ನ ಕೆಲಸ ಮುಗಿಯಬೇಕಿತ್ತು. ಅಂಥ ಇಳಿಜಾರಿನಲ್ಲಿ ಮುಂದಿರುವವನು ನಿಂತರೆ ದಾಳಿಯೇ ನಿಲ್ಲುತ್ತದೆ. ನನ್ನ ದೃಷ್ಟಿಯಲ್ಲಿ ಅವರ ಧೈರ್ಯ ಬರೀ ಆವೇಶವಲ್ಲ, ಲೆಕ್ಕ ತಿಳಿದು ಮಾಡಿದ ಕೆಲಸ. ತಮ್ಮ ಜೀವವನ್ನೂ ಆ ಲೆಕ್ಕದಲ್ಲಿ ಸೇರಿಸಿದ್ದರು.

ನಾಲ್ಕನೆಯ ನೆಲೆಯನ್ನು ಅವರು ಗ್ರೆನೇಡ್‌ನಿಂದ ನಾಶ ಮಾಡಿದರು. ಅದೇ ಹೊತ್ತಿಗೆ ಮೀಡಿಯಂ ಮಷೀನ್ ಗನ್ನಿನ ಗುಂಡುಗಳು ಹಣೆಗೆ ಬಡಿದವು. ಇಪ್ಪತ್ತನಾಲ್ಕು ತುಂಬಿ ವಾರವಷ್ಟೇ ಕಳೆದಿತ್ತು. ಅವರು ಗೆದ್ದುಕೊಟ್ಟ ಆ ನೆಲೆಯ ಆಸರೆಯಿಂದ ಕಂಪನಿಗಳು ಮುಂದೆ ಸಾಗಿ ಖಾಲುಬಾರನ್ನು ವಶಪಡಿಸಿಕೊಂಡವು. ಮರಣೋತ್ತರವಾಗಿ ಪರಮವೀರ ಚಕ್ರ ಬಂತು.

ಇಳಿಯುವ ಮೊದಲು ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಡುತ್ತೇನೆ. ನೀವಾಗಿದ್ದರೆ ಸೆಕ್ಷನ್ನನ್ನು ಎಲ್ಲಿಂದ ಕಳುಹಿಸುತ್ತಿದ್ದಿರಿ, ನೀವು ಎಲ್ಲಿರುತ್ತಿದ್ದಿರಿ ಎಂದು ಬರೆಯಬೇಕು. ಕಾರಣ ಬರೆಯದ ಹಾಳೆಯನ್ನು ನಾನು ತೆಗೆದುಕೊಳ್ಳುವುದಿಲ್ಲ.