ಚುಕ್ಕಿ ಪಕ್ಕಕ್ಕೆ ಬಂದರೆ ವೇಗ ಸಮವಾಯಿತೇ?

ಪ್ರಥಮ ಪಿಯುಸಿಗೆ ವೇಗದ ಪಾಠವನ್ನು ನಾನು ಸೂತ್ರದಿಂದ ಶುರು ಮಾಡುವುದಿಲ್ಲ. ಬೋರ್ಡಿನ ಮೇಲೆ ಎರಡು ಸಾಲು ಚುಕ್ಕಿ ಹಾಕುತ್ತೇನೆ. ಎರಡು ಗೋಲಿಗಳು ಅಕ್ಕಪಕ್ಕದ ಹಾದಿಯಲ್ಲಿ ಒಂದೇ ದಿಕ್ಕಿಗೆ ಉರುಳುತ್ತಿವೆ, ಪ್ರತಿ 0.1 ಸೆಕೆಂಡಿಗೆ ಅವು ಇದ್ದ ಜಾಗದಲ್ಲಿ ಒಂದೊಂದು ಚುಕ್ಕಿ. ಚುಕ್ಕಿಗಳಿಗೆ 0ರಿಂದ 6ರವರೆಗೆ ಸಂಖ್ಯೆ.

ಎ: 0, 5, 10, 15, 20, 25, 30 ಸೆಂ.ಮೀ.
ಬಿ: 5, 7, 10, 14, 19, 25, 32 ಸೆಂ.ಮೀ.

ಎರಡರ ವೇಗ ಯಾವಾಗ ಸಮ ಎಂದು ಕೇಳಿದರೆ ‘2ರಲ್ಲಿ, ಮತ್ತೆ 5ರಲ್ಲಿ’ ಎಂಬ ಉತ್ತರವೇ ಹೆಚ್ಚು. ಅಲ್ಲಿ ಚುಕ್ಕಿಗಳು ನೇರಕ್ಕೆ ಬಂದಿವೆ, ನಿಜ. ಆದರೆ ಸಮವಾದದ್ದು ಸ್ಥಾನ. ಇದನ್ನು ದಡ್ಡತನ ಎನ್ನಬಾರದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಟ್ರೋಬ್ರಿಜ್ ಮತ್ತು ಮ್ಯಾಕ್‌ಡರ್ಮಟ್ ಉರುಳುವ ಚೆಂಡುಗಳನ್ನಿಟ್ಟು ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದಾಗಲೂ ಇದೇ ಗೊಂದಲ ಕಂಡಿತ್ತು. ಅದನ್ನು 1980ರಲ್ಲಿ ಪ್ರಕಟಿಸಿದರು.

ತಪ್ಪು ಎಂದು ನೇರವಾಗಿ ಹೇಳುವ ಬದಲು ಇನ್ನೊಂದು ಪ್ರಶ್ನೆ ಹಾಕುತ್ತೇನೆ: 1ರಲ್ಲಿ ಯಾವುದು ಹಿಂದಿತ್ತು, 3ರಲ್ಲಿ ಯಾವುದು ಮುಂದಿದೆ? 1ರಲ್ಲಿ ಹಿಂದಿದ್ದ ಎ, 3ರಲ್ಲಿ ಮುಂದಿದೆ. ಅಂದರೆ 2ರಲ್ಲಿ ಅದು ಬಿಯನ್ನು ಹಿಂದೆ ಹಾಕುತ್ತಿದೆ; ವೇಗ ಸಮವಿದ್ದರೆ ಹಾಗಾಗದು. ಇಷ್ಟಾದ ಮೇಲೆ ಅಂತರಗಳನ್ನು ಬರೆಸುತ್ತೇನೆ. ಎ: ಎಲ್ಲವೂ 5. ಬಿ: 2, 3, 4, 5, 6, 7. ಸಮವಾಗಿರುವುದು 3ರಿಂದ 4ರವರೆಗಿನ ಅಂತರ ಮಾತ್ರ. ಬಿಯ ವೇಗ ಒಂದೇ ಸಮನೆ ಏರುತ್ತಿರುವುದರಿಂದ, ಆ ಅವಧಿಯ ನಟ್ಟನಡುವೆ, 0.35 ಸೆಕೆಂಡಿನಲ್ಲಿ, ಎರಡರದೂ ಸೆಕೆಂಡಿಗೆ 50 ಸೆಂ.ಮೀ. ಆಗ ಎ ಒಂದು ಸೆಂ.ಮೀ.ಗಿಂತ ತುಸು ಹೆಚ್ಚೇ ಮುಂದಿದೆ. ಅದು ಅತಿ ಹೆಚ್ಚು ಮುಂದಿರುವ ಗಳಿಗೆಯೂ ಅದೇ. ನನಗೆ ಈ ಲೆಕ್ಕದಲ್ಲಿ ಅತ್ಯಂತ ಇಷ್ಟದ ಜಾಗ ಇದು.

ಚುಕ್ಕಿಯ ಮೇಲಿನ ವೇಗ ಬೇಕಿದ್ದರೆ ಎರಡೂ ಬದಿಯ ಅಂತರ ಕೂಡಿಸಿ 0.2ರಿಂದ ಭಾಗಿಸಬೇಕು. 2ರಲ್ಲಿ ಬಿಯ ವೇಗ (14−7)/0.2 = 35, 5ರಲ್ಲಿ (32−19)/0.2 = 65 ಸೆಂ.ಮೀ./ಸೆ. ಎರಡೂ 50 ಅಲ್ಲ.

ಲ್ಯಾಬಿನಲ್ಲಿ ಟಿಕರ್ ಟೇಪ್ (ಚಲಿಸುವ ಟ್ರಾಲಿ, ಅಂದರೆ ಪುಟ್ಟ ಗಾಡಿ, ತನ್ನ ಹಿಂದೆ ಎಳೆದುಕೊಂಡು ಹೋಗುವ ಕಾಗದದ ಪಟ್ಟಿ; ಟೈಮರ್ ಅದರ ಮೇಲೆ ಸಮ ಕಾಲಕ್ಕೊಂದು ಚುಕ್ಕಿ ಒತ್ತುತ್ತದೆ) ಕೈಗೆ ಕೊಟ್ಟಾಗ ತಪ್ಪುಗಳು ಬೇರೆ. ಸೆಕೆಂಡಿಗೆ 50 ಚುಕ್ಕಿ ಒತ್ತುವ ಟೈಮರಿನಲ್ಲಿ ಐದು ಅಂತರ ಸೇರಿದರೆ 0.1 ಸೆಕೆಂಡ್. ಐದು ಚುಕ್ಕಿ ಎಣಿಸಿದರೆ ಸಿಗುವುದು ನಾಲ್ಕೇ ಅಂತರ, 0.08 ಸೆಕೆಂಡ್, ಅದನ್ನು 0.1 ಎಂದುಕೊಂಡರೆ ವೇಗ ಶೇ. 20 ಕಡಿಮೆ ಬರುತ್ತದೆ. ಟೇಪಿನಲ್ಲಿ ಟ್ರಾಲಿಗೆ ಅಂಟಿದ್ದ ತುದಿಯ ಕಡೆಯ ಚುಕ್ಕಿಗಳೇ ಮೊದಲು ಬಿದ್ದವು. ಉಲ್ಟಾ ಹಿಡಿದು ಓದಿದರೆ ವೇಗ ಹೆಚ್ಚಿಸಿಕೊಂಡ ಟ್ರಾಲಿ ನಿಧಾನವಾದಂತೆ ಕಾಣುತ್ತದೆ. ಹಾಗಾಗಿ ಟೇಪ್ ಬಿಡಿಸುವ ಮೊದಲೇ ಆ ತುದಿಗೆ ಬಾಣ ಹಾಕಿಸುತ್ತೇನೆ. ಶುರುವಿನಲ್ಲಿ ಒಂದರ ಮೇಲೊಂದು ಬಿದ್ದ ಚುಕ್ಕಿಗಳನ್ನು ಬಿಟ್ಟು, ಬಿಡಿಬಿಡಿಯಾಗಿ ಕಾಣುವ ಮೊದಲ ಚುಕ್ಕಿಯನ್ನು ಸೊನ್ನೆ ಮಾಡಿಕೊಳ್ಳಬೇಕು. ಸ್ಕೇಲನ್ನು ಪ್ರತಿ ಅಂತರಕ್ಕೂ ಸರಿಸುತ್ತ ಹೋದರೆ ತಪ್ಪು ಕೂಡುತ್ತ ಹೋಗುತ್ತದೆ. ಒಂದೇ ಸಲ ಇಟ್ಟು ಎಲ್ಲ ಸ್ಥಾನ ಓದಿ, ಆಮೇಲೆ ಕಳೆಯುವುದು ವಾಸಿ.

ಎರಡು ಬೇರೆ ಟೇಪ್ ಹೋಲಿಸುವಾಗ ಕಾಲಾವಧಿ ಒಂದೇ ಇದೆಯೇ ಎಂದು ಮೊದಲು ನೋಡಿ. 0.2 ಸೆಕೆಂಡಿನ 4 ಸೆಂ.ಮೀ. ಅಂತರ, 0.1 ಸೆಕೆಂಡಿನ 3 ಸೆಂ.ಮೀ.ಗಿಂತ ಉದ್ದ, ವೇಗ ಮಾತ್ರ 20, ಇನ್ನೊಂದರದು 30.