ಆರ್‌ಎಫ್‌ಒ ಆಗಲಿಲ್ಲ, ಮರ ಬಿಡಲಿಲ್ಲ

ಅರಣ್ಯಶಾಸ್ತ್ರದಲ್ಲಿ ಬಿಎಸ್ಸಿ ಓದ್ತಿದ್ದೀನಿ ಅಂದರೆ ಎಲ್ಲರೂ ಕೇಳುತ್ತಿದ್ದದ್ದು ಒಂದೇ: 'ಹಾಗಾದ್ರೆ ಆರ್‌ಎಫ್‌ಒ ಆಗ್ತೀಯಾ?' ಓದು ಮುಗಿದ ಮೇಲೆ ಅದು 'ಯಾಕೆ ಆಗ್ಲಿಲ್ಲ?' ಆಯಿತು. ನಾನೂ ಪರೀಕ್ಷೆಗೆ ಓದಿದವನೇ. ಆದರೆ ಆರ್‌ಎಫ್‌ಒ, ಅಂದರೆ ವಲಯ ಅರಣ್ಯಾಧಿಕಾರಿ ಹುದ್ದೆಗೆ ವರ್ಷಾ ವರ್ಷಾ ಕರೆಯುವುದಿಲ್ಲ. ಕರೆದಾಗಲೂ ಹುದ್ದೆ ಕಡಿಮೆ, ಓದಿದವರು ಜಾಸ್ತಿ. ಕಾಯುತ್ತ ಕೂರುವಷ್ಟು ಅನುಕೂಲ ನಮ್ಮ ಮನೆಯಲ್ಲಿ ಇರಲಿಲ್ಲ. ಜೊತೆಗೆ ಓದಿದವರಲ್ಲಿ ಕೆಲವರು ಇಲಾಖೆ ಸೇರಿದರು, ಕೆಲವರು ಬ್ಯಾಂಕಿನಲ್ಲಿ ಕೃಷಿ ಅಧಿಕಾರಿಗಳಾದರು, ಒಂದಿಷ್ಟು ಜನ ಎಂಎಸ್ಸಿ, ಪಿಎಚ್‌ಡಿ ಅಂತ ಹೋದರು. ನಾನು ಈಗ ಹಾವೇರಿ ಕಡೆ ರೈತರ ಹೊಲದಲ್ಲಿ ಮರ ಬೆಳೆಸಲು ಸಲಹೆ ಕೊಡುತ್ತೇನೆ. ಜೊತೆಗೊಂದು ಚಿಕ್ಕ ನರ್ಸರಿ ಇದೆ.

ಓದಿದ್ದು ಶಿರಸಿಯಲ್ಲಿ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಕಾಲೇಜಿನಲ್ಲಿ. ಬಯಲುಸೀಮೆಯಿಂದ ಹೋದವನಿಗೆ ಬೇವು, ಜಾಲಿ, ಹುಣಸೆ ಬಿಟ್ಟರೆ ಉಳಿದದ್ದೆಲ್ಲ ಸುಮ್ನೆ 'ಮರ'. ಅಲ್ಲಿ ಮತ್ತಿ, ಕಿಂದಳ, ನಂದಿ, ಜಂಬೆ, ಹೆಬ್ಬಲಸು, ಉಪ್ಪಾಗೆ ಅಂತ ಒಂದರ ಹಿಂದೆ ಒಂದು ಹೆಸರು. ಹರ್ಬೇರಿಯಂ ಹಾಳೆಯ ಮೇಲೆ ಒಣಗಿಸಿ ಅಂಟಿಸಿದ ಎಲೆ ನೋಡಿ ಪರೀಕ್ಷೆ ಪಾಸಾಗಬಹುದು. ಕಾಡಿಗೆ ಹೋದರೆ ಎಲೆ ತಲೆಯ ಮೇಲೆ ಎಷ್ಟೋ ಅಡಿ ಎತ್ತರದಲ್ಲಿ ಇರುತ್ತದೆ. ಕೈಗೆ ಸಿಗುವುದು ತೊಗಟೆ ಮಾತ್ರ.

ಅದನ್ನು ಕಲಿಸಿದ್ದು ಫೀಲ್ಡಿಗೆ ಜೊತೆಗೆ ಬರುತ್ತಿದ್ದ, ಕಾಡು ಕಾಯುವ ಒಬ್ಬ ವಾಚರ್. ಮತ್ತಿಯ ತೊಗಟೆ ಮೊಸಳೆ ಬೆನ್ನಿನ ಹಾಗೆ ಚೌಕ ಚೌಕ ಒಡೆದಿರುತ್ತದೆ. ನಂದಿಯದ್ದು ನುಣುಪು, ಹಾಳೆ ಹಾಳೆಯಾಗಿ ಸುಲಿಯುತ್ತದೆ. ನನಗೆ ಗೊಂದಲ ಆಗುತ್ತಿದ್ದದ್ದು ಹೊನ್ನೆ, ಬೀಟೆ ಮಧ್ಯೆ. ಎರಡರ ಎಲೆಯಲ್ಲೂ ದುಂಡನೆ ಚಿಕ್ಕೆಲೆಗಳು, ಎರಡರದ್ದೂ ತುದಿ ಸ್ವಲ್ಪ ಒಳಗೆ ಕಚ್ಚಿದ ಹಾಗೆ. ಅವರು ಕತ್ತಿಯಿಂದ ತೊಗಟೆಗೆ ಉಗುರಿನಷ್ಟು ಕಚ್ಚು ಹಾಕಿ, 'ತಡಿ ತಮಾ, ರಕ್ತ ಬಂದ್ರೆ ಹೊನ್ನೆ' ಅಂದರು. ಸ್ವಲ್ಪ ಹೊತ್ತಿಗೆ ಕೆಂಪು ಅಂಟು ಜಿನುಗಿತು. ಆ ಮೇಲೆ ಹೊನ್ನೆ ನನಗೆ ತಪ್ಪಿಲ್ಲ.

ಸಿದ್ದಾಪುರ ತಾಲೂಕಿನ ಕತ್ತಲೆಕಾನಕ್ಕೂ ಕರೆದುಕೊಂಡು ಹೋಗಿದ್ದರು. ರಾಮಪತ್ರೆ ಜಡ್ಡಿ ಅಂದರೆ ಏನು ಅಂತ ಅಲ್ಲೇ ಗೊತ್ತಾದದ್ದು: ವರ್ಷವಿಡೀ ನೀರು ನಿಲ್ಲುವ ಜಾಗ, ಉಸಿರಾಡಲು ಮಂಡಿ ಮಡಚಿದಂತೆ ಕೆಸರಿನಿಂದ ಮೇಲೆದ್ದ ಅಲ್ಲಿನ ಮರಗಳ ಬೇರು. ಈ ನೋಟದಿಂದ ನನ್ನ ಹೊಟ್ಟೆಪಾಡಿಗೆ ಏನೂ ಆಗಿಲ್ಲ. ಆದರೂ ನಾಲ್ಕು ವರ್ಷದಲ್ಲಿ ಬಹಳ ಇಷ್ಟ ಆದದ್ದು ಅದೇ.

ಮೊದಲ ಕೆಲಸ ಒಂದು ಕಾಗದ ಕಾರ್ಖಾನೆಯಲ್ಲಿ. ರೈತರಿಗೆ ಸರ್ವೆ, ಸುಬಾಬುಲ್ ಸಸಿ ಹಂಚುವುದು, ಮರ ಬಲಿತಾಗ ಕಟಾವಿಗೆ ಹೋಗುವುದು. ಕಾಲೇಜಿನಲ್ಲಿ ಬೋರ್ ಹೊಡೆಸಿದ್ದ ಮರ ಅಳತೆಯ ಪಾಠ ಅಲ್ಲಿ ಜೀವ ಪಡೆಯಿತು. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ, ಆಮೇಲೆ ಉದ್ದ, ಆಮೇಲೆ ಘನ ಅಡಿ. ಕಾಲೇಜಿನಲ್ಲಿ ಇದನ್ನೆಲ್ಲ ಬಾಯಿಪಾಠ ಮಾಡಿದ್ದೆವು, ಅಷ್ಟೇ.

ಈಗ ನನ್ನ ಹತ್ತಿರ ಬರುವ ರೈತರಿಗೆ ಬಹಳ ಉಪಯೋಗಕ್ಕೆ ಬರುವುದು ಈ ಲೆಕ್ಕವೇ. ಸಾಗವಾನಿ ದಿಮ್ಮಿ ಕೊಳ್ಳುವ ವ್ಯಾಪಾರಿ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸುತ್ತಾನೆ. ನಲವತ್ತು ಇಂಚು ಸುತ್ತಳತೆ, ಹತ್ತು ಅಡಿ ಉದ್ದದ ದಿಮ್ಮಿ ಇದೆ ಅಂದುಕೊಳ್ಳಿ. ಹತ್ತು ಹತ್ತಲೆ ನೂರು, ಚದರ ಇಂಚನ್ನು ಚದರ ಅಡಿ ಮಾಡಲು ಅದನ್ನು 144ರಿಂದ ಭಾಗಿಸಿ ಹತ್ತು ಅಡಿಗೆ ಗುಣಿಸಿದರೆ ಸುಮಾರು 6.9 ಘನ ಅಡಿ. ದುಂಡು ದಿಮ್ಮಿಯಲ್ಲಿ ನಿಜವಾಗಿ ಇರುವುದು 8.8. ಅಂದರೆ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಲೆಕ್ಕದಲ್ಲೇ ಹೋಯಿತು. ಇದು ಮೋಸ ಅಂತ ನಾನು ಹೇಳುವುದಿಲ್ಲ. ಕೊಯ್ಯುವಾಗ ತೊಗಟೆ, ಅಂಚು, ಹೊಟ್ಟು ಹೋಗುತ್ತದೆ, ಅದಕ್ಕೇ ಈ ಪದ್ಧತಿ ಬಂದದ್ದು. ಆದರೆ ಇದು ಗೊತ್ತಿದ್ದು ದರ ಮಾತಾಡುವುದಕ್ಕೂ ಗೊತ್ತಿಲ್ಲದೆ ತಲೆ ಆಡಿಸುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಇನ್ನು ನಿಂತ ಮರವನ್ನು ಅಳೆಯದೆ 'ಎಲ್ಲಾ ಸೇರಿ ಇಷ್ಟು' ಅಂತ ಮಾರುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಆದರೆ ದಿನಾ ಬರುವ ಫೋನು ಶ್ರೀಗಂಧದ ಬಗ್ಗೆ. 2001ರಲ್ಲಿ ಕಾನೂನು ತಿದ್ದುಪಡಿಯಾಗಿ, ನಮ್ಮ ಜಮೀನಿನ ಗಂಧ ನಮ್ಮದೇ ಆಯಿತು. ಅದಕ್ಕೂ ಮೊದಲು ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡಕ್ಕೂ ರೈತರು ಹೆದರುತ್ತಿದ್ದರು. ಈಗ ಉಲ್ಟಾ. 'ಸರ, ಎಕರೆಗೆ ಕೋಟಿಗಟ್ಲೆ ಬರ್ತೈತಂತ, ಖರೆ ಏನ್ರಿ?' ಎಂದು ಕೇಳುತ್ತಾರೆ. ಯಾರೋ ಸಸಿ ಮಾರುವವರು ಗಿಡದ ಲೆಕ್ಕವನ್ನು ಚೇಗಿನ (ಕಾಂಡದ ನಡುವಿನ ಪರಿಮಳದ ಗಟ್ಟಿ ಭಾಗ) ಈಗಿನ ದರಕ್ಕೆ ಗುಣಿಸಿ ಕಾಗದದ ಮೇಲೆ ಬರೆದುಕೊಟ್ಟಿರುತ್ತಾರೆ. ನಾನು ಹೇಳುವುದು ಮೂರು ಮಾತು. ಹತ್ತು ವರ್ಷದ ಸುಮಾರಿಗೆ ಚೇಗು ಕೂಡಲು ಶುರುವಾಗುತ್ತದೆ, ಕಡಿಯುವಷ್ಟಾಗಲು ಹದಿನೈದು ದಾಟಬೇಕು. ನೆಟ್ಟ ಎಲ್ಲ ಗಿಡದಲ್ಲೂ ಒಂದೇ ಸಮ ಚೇಗು ಬರುವುದಿಲ್ಲ. ಬಂದ ಮೇಲೆ ಕಳ್ಳರೂ ಬರುತ್ತಾರೆ. ಬೇಲಿ, ನಾಯಿ, ಕಾವಲಿನ ಖರ್ಚು ಆ ಕಾಗದದಲ್ಲಿ ಇರುವುದೇ ಇಲ್ಲ.

ಇಷ್ಟಾದರೂ ನೆಡುತ್ತೇನೆ ಅಂದವರಿಗೆ ಗಂಧಕ್ಕೆ ಮುಂಚೆ ಆಸರೆ ಗಿಡದ ಮಾತು. ಗಂಧ ಅರೆ ಪರಾವಲಂಬಿ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿಸಿ ನೀರು, ಸಾರ ಎಳೆದುಕೊಳ್ಳುತ್ತದೆ. ನರ್ಸರಿಯಲ್ಲಿ ಪಾಲಿಥಿನ್ ಚೀಲದೊಳಗೇ ಒಂದು ತೊಗರಿ ಅಥವಾ ಹೊನಗೊನ್ನೆ ಇರಬೇಕು. ಹೊನಗೊನ್ನೆ ಜೋರಾಗಿ ಹಬ್ಬಿ ಗಂಧದ ಸಸಿಯನ್ನೇ ಮುಚ್ಚಿಬಿಡುತ್ತದೆ, ಆಗಾಗ ಕತ್ತರಿಸಬೇಕು. ಹೊಲಕ್ಕೆ ಹಾಕುವಾಗ ಗುಂಡಿಯ ಹತ್ತಿರವೇ ಮತ್ತೆ ತೊಗರಿ, ಸ್ವಲ್ಪ ದೂರದಲ್ಲಿ ಸರ್ವೆ ಅಥವಾ ಹೊಂಗೆಯಂಥ ಬಾಳುವ ಮರ. ಆಸರೆ ಇಲ್ಲದ ಗಂಧ ಮೊದಮೊದಲು ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಎಲೆ ಹಳದಿಯಾಗಿ ಬೆಳವಣಿಗೆ ನಿಲ್ಲುತ್ತದೆ. ಆಗ ಗೊಬ್ಬರ ಸುರಿದರೆ ಏನೂ ಪ್ರಯೋಜನ ಇಲ್ಲ. ಗಿಡ ನೆಟ್ಟ ಮೇಲೆ ಪಹಣಿಯಲ್ಲಿ ಸೇರಿಸಿಕೊಳ್ಳಿ ಅಂತಲೂ ಹೇಳುತ್ತೇನೆ. ಮುಂದೆ ಕಡಿಯುವಾಗ, ಸಾಗಿಸುವಾಗ ದಾಖಲೆ ಕೇಳುತ್ತಾರೆ.

ಈಗ ಅರಣ್ಯ ಓದುತ್ತಿರುವ ಹುಡುಗ ಹುಡುಗಿಯರೂ ಫೋನು ಮಾಡುತ್ತಾರೆ. ಪರೀಕ್ಷೆಗೆ ಓದಿ, ಬೇಡ ಅನ್ನಲ್ಲ. ಆದರೆ ರಜೆಯಲ್ಲಿ ಒಂದು ತಿಂಗಳು ಯಾವುದಾದರೂ ನರ್ಸರಿಯಲ್ಲಿ ಚೀಲಕ್ಕೆ ಮಣ್ಣು ತುಂಬಿ, ಒಂದು ವಾರ ಸಾಮಿಲ್ಲಿನಲ್ಲಿ ಅಳತೆ ಟೇಪು ಹಿಡಿದು ನಿಲ್ಲಿ ಅನ್ನುತ್ತೇನೆ. ಸಾಮಿಲ್ಲಿನವರು ಮೊದಲ ದಿನ ಒಳಗೆ ಬಿಡಲ್ಲ. ಎರಡನೇ ದಿನ ಹೋದರೆ ಚಹಾ ಕೊಡುತ್ತಾರೆ.