ಹಳೇ ಬಾವಿಗೆ ಮೂರು ಮನೆಯ ಛತ್ತಿನ ನೀರು: ನನ್ನ ಅನುಭವ

‘ಬಾವಿ ಮುಚ್ಚಿಸಿ ಮೇಲೆ ಕಾರು ನಿಲ್ಲಿಸ್ರೀ’ ಎಂದು ನಮ್ಮ ಬಡಾವಣೆಯಲ್ಲಿ ಹೇಳದವರೇ ಇರಲಿಲ್ಲ. ಈ ಬೇಸಿಗೆಯಲ್ಲಿ ಅದೇ ಬಾವಿಯಲ್ಲಿ ಆಳೆತ್ತರ ನೀರು ನಿಂತಿತ್ತು. ಟ್ಯಾಂಕರ್ ತರಿಸಲೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬೀದರ್ ಹೊರಗೆ, ನೌಬಾದ್ ಕಡೆ. ಮನೆ ಹಿಂದೆ ಹಳೇ ತೋಟದ ಬಾವಿ, ಐವತ್ತು ಅಡಿ ಆಳ, ಹತ್ತು ಅಡಿ ಅಗಲ. ಶಿವರಾತ್ರಿ ದಾಟಿದರೆ ತಳ ಕಾಣುತ್ತಿತ್ತು. ಬೋರ್‌ಗೆ ಒಂದೂವರೆ ಲಕ್ಷದ ಲೆಕ್ಕ ಕೊಟ್ಟಿದ್ದರು. ನಾನು ಒಪ್ಪಲಿಲ್ಲ. ಬೀದರ್ ಕೂತಿರುವುದೇ ಜಂಬಿಟ್ಟಿಗೆ ಕಲ್ಲಿನ ಮೇಲೆ. ಮಳೆ ನೀರು ಆ ಕೆಂಪು ಕಲ್ಲಿನಲ್ಲಿ ಇಳಿದು, ಕೆಳಗಿನ ಕರಿಕಲ್ಲಿಗೆ ತಾಗಿ ನಿಲ್ಲುತ್ತದೆ. ಬಹಮನಿಯವರು 15ನೇ ಶತಮಾನದಲ್ಲಿ ನೌಬಾದಿನ ಸುರಂಗ ಬಾವಿ, ಅಂದರೆ ಕರೇಜ್, ಕೊರೆಸಿದ್ದು ಈ ನೀರಿಗಾಗಿಯೇ. ಬೋರ್‌ನವರು ಆ ಕೆಂಪು ಕಲ್ಲಿನ ಭಾಗಕ್ಕೇ ಕೇಸಿಂಗ್ ಪೈಪು ಇಳಿಸಿ ಮೇಲಿನ ನೀರನ್ನು ತಡೆದುಬಿಡುತ್ತಾರೆ. ಕರಿಕಲ್ಲಿನಲ್ಲಿ ಬಿರುಕು ಸಿಕ್ಕರೆ ನೀರು, ಇಲ್ಲದಿದ್ದರೆ ಧೂಳು. ನಮ್ಮ ಓಣಿಯಲ್ಲೇ ನಾನೂರು ಅಡಿ ಇಳಿಸಿ ಬರೀ ಧೂಳು ನೋಡಿದವರಿದ್ದಾರೆ.

ಹಾಗಾಗಿ ನಮ್ಮ ಛತ್ತಿನ ಮಳೆ ನೀರನ್ನು ಈ ಬಾವಿಗೇ ಇಳಿಸಲು ಹೊರಟೆ. ಹೂಳು ತೆಗೆಸಲು ಸುಮಾರು ಇಪ್ಪತ್ತೈದು ಸಾವಿರ ಹೋಯಿತು. ಪೈಪು, ಫಿಲ್ಟರ್ ಗುಂಡಿ, ಗೌಂಡಿ ಕೂಲಿ ಸೇರಿ ಇನ್ನೊಂದು ಹದಿನೆಂಟು.

ಮೊದಲ ಮಳೆಗಾಲ ಪೂರಾ ದಂಡ. ಎಲ್ಲರೂ ಮಾಡಿಸುವ ಮರಳು ಫಿಲ್ಟರ್ ಎರಡು ದೊಡ್ಡ ಮಳೆಗೇ ಕಟ್ಟಿಕೊಂಡಿತು. ಬೇವಿನ ಎಲೆ ಕೊಳೆತು ಮರಳಿನ ಮೇಲೆ ಚರ್ಮದಂಥ ಪದರ. ನೀರು ಪಕ್ಕದ ಕಾಂಪೌಂಡಿಗೆ ನುಗ್ಗಿತು, ಮಾತಿಗೆ ಮಾತು ಬೆಳೆಯಿತು. ಮರಳು ಕಿತ್ತು ಬರೀ ದಪ್ಪ ಕಲ್ಲು, ಜಲ್ಲಿ ಹಾಕಿದೆ. ಎಲೆಯನ್ನು ಛತ್ತಿನ ಮೇಲೆಯೇ ತಡೆಯಬೇಕು. ಅದಕ್ಕೊಂದು ಜಾಲರಿ ಮಡಚುವ ರೀತಿ ಇದೆ, ಅದು ನನ್ನ ಹತ್ತಿರವೇ ಇರಲಿ. ಇನ್ನೊಂದು: ಪೈಪಿನ ನೀರು ಮೇಲಿಂದ ಧೋ ಎಂದು ಬಿದ್ದರೆ ಬಾವಿಯ ಗೋಡೆ ಕೊರೆಯುತ್ತದೆ. ಪೈಪನ್ನು ತಳದ ಹತ್ತಿರದವರೆಗೆ ಇಳಿಸಿ.

ಎರಡನೇ ವರ್ಷ ಫಿಲ್ಟರ್ ಸರಿ ಇತ್ತು, ಆದರೂ ಹೋಳಿ ಹೊತ್ತಿಗೆ ಬಾವಿ ಒಣಗಿತು. ಸಾವಿರ ಚದರಡಿ ಛತ್ತಿಗೆ ಒಂದು ಸೆಂಟಿಮೀಟರ್ ಮಳೆ ಬಂದರೆ ಸಿಗುವುದು ಒಂಬೈನೂರು ಲೀಟರ್ ಚಿಲ್ಲರೆ. ಈ ಬಾವಿಯಲ್ಲಿ ಒಂದಡಿ ನೀರೆಂದರೆ ಎರಡು ಸಾವಿರದ ಇನ್ನೂರು ಲೀಟರ್. ಅದೂ ಒಂದೇ ಕಡೆ ನಿಲ್ಲುವುದಿಲ್ಲ, ಸುತ್ತ ಹರಿದು ಹೋಗುತ್ತದೆ. ‘ನಿಮ್ಮ ದುಡ್ಡು, ಊರವರ ನೀರು’ ಎಂದರು ಓಣಿಯವರು. ಹೌದು, ಹಿಂದಿನ ಓಣಿಯ ಕಾಕಾ ಅವರ ಬಾವಿಯೂ ಏರಿತ್ತು. ನನಗೆ ಸಿಕ್ಕ ಆಧಾರವೇ ಅದು! ಅದನ್ನು ತೋರಿಸಿ ಅವರ ಛತ್ತನ್ನೂ, ಜಗಳವಾಡಿದ್ದ ಪಕ್ಕದ ಮನೆಯ ಛತ್ತನ್ನೂ ಈ ಬಾವಿಗೇ ತಿರುಗಿಸಿದೆ. ಪೈಪಿನ ಖರ್ಚು ನನ್ನದು, ಏಳೆಂಟು ಸಾವಿರ. ಮೂರು ಛತ್ತು ಸೇರಿದ ಮೇಲೆಯೇ ಬಾವಿ ಬದುಕಿದ್ದು. ಒಂದೇ ಮನೆಯವರು ಮಾಡಿ ‘ಆಗಲಿಲ್ಲ’ ಎನ್ನುವುದು ಇದಕ್ಕೇ.

ನಡುವೆ ಛತ್ತಿಗೆ ಸುಣ್ಣ ಬಳಿದು ನೋಡಿದೆ. ಕೋಣೆ ತಂಪಾಯಿತು, ಆದರೆ ಮೊದಲ ಮಳೆಗೆ ನೀರೆಲ್ಲ ಬಿಳಿ. ಈಗ ಸುಣ್ಣ ಬಳಿದ ವರ್ಷ ಮಿರಗದ (ಮೃಗಶಿರಾ) ಮೊದಲ ಮಳೆಗಳನ್ನು ಹೊರಗೇ ಬಿಡುತ್ತೇನೆ. ಸೊಳ್ಳೆಗೆ ಗಪ್ಪಿ ಮೀನು ಬಿಟ್ಟಿದ್ದೇನೆ, ಚೆನ್ನಾಗಿ ಕೆಲಸ ಮಾಡುತ್ತಿವೆ.

ಕುಡಿಯಲು ಮಾತ್ರ ಈ ನೀರು ಬೇಡ. ಕೆಂಪು ಕಲ್ಲು ಮಳೆ ನೀರಿಗೆ ದಾರಿ ಕೊಟ್ಟಂತೆ ಪಾಯಖಾನೆ ಗುಂಡಿಯ ನೀರಿಗೂ ಕೊಡುತ್ತದೆ. ನಮ್ಮಲ್ಲಿ ಕುಡಿಯಲು ನಳದ ನೀರು, ಉಳಿದದ್ದಕ್ಕೆಲ್ಲ ಬಾವಿ. ಎದುರು ಮನೆಯವರೂ ಈಗ ಕೇಳುತ್ತಿದ್ದಾರೆ. ರಸ್ತೆ ಅಗೆಯದೆ ಅವರ ಪೈಪು ದಾಟಿಸುವುದು ಹೇಗೆ ಎಂದು ಗೌಂಡಿ ಜೊತೆ ಮಾತು ನಡೆದಿದೆ.